ಅರಸನ ಮನೆಯಲ್ಲಿ ಅರಸುವ ಆಟ

ರಾತ್ರಿ ಹತ್ತೂವರೆ. ಮನೆಮಂದಿಯೆಲ್ಲ ಮಲಗಿಯಾಗಿದೆ. ನಾನು ಮಾತ್ರ ಮುಳ್ಳುಬಳ್ಳಿ ಮುಸುಕಿದ ಅರಮನೆಯೊಂದರಲ್ಲಿ ನಿಂತು, ಒಡೆದ ಹೂಜಿ, ತಂತಿ ಕಿತ್ತ ಪಿಟೀಲು, ಬಣ್ಣ ಹೋದ ಗೊಂಬೆಗಳ ರಾಶಿಯಲ್ಲಿ ಮುರಿದ ಬೀಗದ ಕೈಯೊಂದರ ಚೂರುಗಳನ್ನು ಹುಡುಕುತ್ತಿದ್ದೇನೆ. ಹತ್ತು ಸಿಕ್ಕಿವೆ. ಹನ್ನೊಂದನೆಯದು ಕಣ್ಣಿಗೆ ಬೀಳುತ್ತಿಲ್ಲ. ನೀರು ಕುಡಿಯಲು ಎದ್ದ ಅಮ್ಮ ನನ್ನ ಹೆಗಲ ಮೇಲಿಂದ ಲ್ಯಾಪ್‌ಟಾಪಿಗೆ ಇಣುಕಿದಳು. “ಅಲ್ಲೇ ಕಂಬದ ಬುಡದಲ್ಲಿ ಬಿದ್ದಿದೆಯಲ್ಲೋ” ಎಂದಳು. ಕನ್ನಡಕ ಕೂಡ ಹಾಕಿರಲಿಲ್ಲ. ಐವತ್ತು ವರ್ಷ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸಿದ ಕಣ್ಣು ಅದು. ಹೋಗುವಾಗ ಒಂದು ಪ್ರಶ್ನೆಯನ್ನೂ ಎಸೆದು ಹೋದಳು: “ಸಿಕ್ಕಿದ್ದನ್ನೆಲ್ಲ ಏನು ಮಾಡ್ತೀಯ?”

ಈ ವಾರದ ಅಂಕಣ ಆ ಪ್ರಶ್ನೆಗೆ ಉತ್ತರ.

ಹಿಡನ್ ಆಬ್ಜೆಕ್ಟ್ ಎಂದು ಕರೆಸಿಕೊಳ್ಳುವ ಈ ಆಟಗಳ ಬೇರು ಕಾಗದದ ಮೇಲಿದೆ. 1987ರಲ್ಲಿ ಮಾರ್ಟಿನ್ ಹ್ಯಾಂಡ್‌ಫರ್ಡ್ ಜನಜಂಗುಳಿಯಲ್ಲಿ ಪಟ್ಟೆ ಅಂಗಿಯ ವಾಲಿಯನ್ನು ಅಡಗಿಸಿದ. 1992ರಲ್ಲಿ ‘ಐ ಸ್ಪೈ’ ಪುಸ್ತಕಗಳು ಆಟಿಕೆ ರಾಶಿಗಳ ಫೋಟೊ ಹರಡಿ ‘ಹುಡುಕು’ ಎಂದವು. 2005ರಲ್ಲಿ ಸಿಯಾಟಲಿನ ಬಿಗ್ ಫಿಶ್ ಗೇಮ್ಸ್ ‘ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್’ ತಂದ ಮೇಲೆ ಹುಡುಕಾಟಕ್ಕೆ ಪತ್ತೇದಾರಿಕೆಯೂ ಜೊತೆಯಾಯಿತು. ನನ್ನನ್ನು ಕಟ್ಟಿಹಾಕಿದ್ದು 2010ರ ‘ಡಾರ್ಕ್ ಪ್ಯಾರಬಲ್ಸ್: ಕರ್ಸ್ ಆಫ್ ಬ್ರಯರ್ ರೋಸ್’. ಕೆನಡಾದ ಬ್ಲೂ ಟೀ ಗೇಮ್ಸ್ ಮಾಡಿದ್ದು. ಕದಿರು ಚುಚ್ಚಿಕೊಂಡು ನಿದ್ದೆಹೋದ ರಾಜಕುಮಾರಿ ಇದರಲ್ಲಿ ಕಥೆ ಮುಗಿದರೂ ಎದ್ದಿಲ್ಲ. ಏಕೆ ಏಳಲಿಲ್ಲ ಎಂದು ಪತ್ತೆಮಾಡಲು ಹೊರಟ ಪತ್ತೇದಾರ ನೀವು. ಈ ಸರಣಿ ಮುಂದೆ ಸರ್ಬಿಯಾದ ಐಪಿಕ್ಸ್ ಕೈಗೆ ಹೋಯಿತು. 2014ರಲ್ಲಿ ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿ ‘ಗ್ರಿಮ್ ಲೆಜೆಂಡ್ಸ್’ ಶುರುಮಾಡಿತು. ಈಗ ಯಕ್ಷಿಣಿ ಕಥೆಯ ಹೆಸರು ಹೊತ್ತ ಇಂಥ ಆಟಗಳು ಸಂತೆಗಾಗುವಷ್ಟಿವೆ.

ಕಥೆ ಕೇಳುವುದು ಬಿಟ್ಟು ಕಸದ ರಾಶಿಯಲ್ಲಿ ಕತ್ತರಿ ಹುಡುಕುವುದೇಕೆ ಎಂದು ಸ್ನೇಹಿತರು ಕೇಳುತ್ತಾರೆ. ಈ ಕಥೆಗಳಲ್ಲಿ ಮೊದಲಿನಿಂದಲೂ ನಡೆಯುತ್ತಿರುವುದು ಹುಡುಕಾಟವೇ ಎಂದು ನಾನು ಹೇಳುತ್ತೇನೆ. ಗ್ರಿಮ್ ಸಹೋದರರ ಸಿಂಡ್ರೆಲಾಗೆ ಮಲತಾಯಿ ಕೊಡುವ ಕೆಲಸ ನೆನೆದುಕೊಳ್ಳಿ. ಒಂದು ಬಟ್ಟಲು ಚನ್ನಂಗಿ ಬೇಳೆಯನ್ನು ಒಲೆಯ ಬೂದಿಗೆ ಸುರಿದು, ಎರಡು ಗಂಟೆಯೊಳಗೆ ಆರಿಸಿಕೊಡು ಎನ್ನುತ್ತಾಳೆ. ಆರಿಸಿಕೊಟ್ಟರೆ ಎರಡು ಬಟ್ಟಲು, ಒಂದೇ ಗಂಟೆ. ಗಡಿಯಾರ ಇಟ್ಟುಕೊಂಡು ಆಡುವ ಆಟವೇ ತಾನೇ? ಅವಳು ಕರೆದಾಗ ಕಿಟಕಿಯಿಂದ ಹಾರಿಬಂದು ಕಾಳು ಹೆಕ್ಕಿಕೊಡುವ ಪಾರಿವಾಳಗಳು ನಮ್ಮ ‘ಹಿಂಟ್’ ಗುಂಡಿ. ಆ್ಯಂಡರ್ಸನ್ನನ 1844ರ ‘ಹಿಮರಾಣಿ’ಯಲ್ಲಿ ಹುಡುಗ ಕಾಯ್ ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮಂಜಿನ ಚೂರುಗಳನ್ನು ಜೋಡಿಸುತ್ತಾನೆ. ‘ಅನಂತತೆ’ ಎಂಬ ಪದ ಮೂಡಿಸಿದರೆ ಅವನಿಗೆ ಬಿಡುಗಡೆ. ಇಡೀ ಜಗತ್ತು ಮತ್ತು ಒಂದು ಜೊತೆ ಹೊಸ ಸ್ಕೇಟು ಇನಾಮು. ಪಝಲ್ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತದೆ?

ಹಾಗಾಗಿ ಆಟದ ಗುಣ ಅಳೆಯಲು ಅಮ್ಮನ ಪ್ರಶ್ನೆಯನ್ನೇ ಬಳಸುತ್ತೇನೆ. ಸಿಕ್ಕಿದ್ದು ಏನಾಗುತ್ತದೆ? ಕೀಳು ದರ್ಜೆಯ ಆಟದಲ್ಲಿ ಏನೂ ಆಗುವುದಿಲ್ಲ. ಹನ್ನೆರಡು ಹೆಸರಿನ ಪಟ್ಟಿ ಕೊಡುತ್ತಾರೆ, ನೀವು ಹನ್ನೆರಡನ್ನೂ ಒತ್ತುತ್ತೀರಿ, ಹನ್ನೊಂದು ಮಾಯವಾಗುತ್ತವೆ, ಒಂದು ಸುತ್ತಿಗೆ ಜೋಳಿಗೆಗೆ ಬೀಳುತ್ತದೆ. ಬಾಳೆಹಣ್ಣು, ಶಂಖ, ಟೆಲಿಫೋನು ಆ ಗೋರಿಯ ಮೇಲೆ ಏಕಿದ್ದವೋ ದೇವರೇ ಬಲ್ಲ. ‘ಡಾರ್ಕ್ ಪ್ಯಾರಬಲ್ಸ್’ ಹೆಸರು ಮಾಡಿದ್ದು ಈ ದರಿದ್ರವನ್ನು ಬಿಟ್ಟಿದ್ದರಿಂದ. ಅಲ್ಲಿ ಪಟ್ಟಿಯೇ ಇಲ್ಲ. ಒಂದು ವಸ್ತುವಿನ ನೆರಳುಗಳು ಕೆಳಗೆ ಕಾಣುತ್ತವೆ. ಅದರ ಚೂರುಗಳು ದೃಶ್ಯದಲ್ಲೆಲ್ಲ ಚದುರಿವೆ. ಚಿನ್ನದ ಬಳ್ಳಿಯ ಅಂಚು ಚೌಕಟ್ಟಿನ ಕೆತ್ತನೆಯಲ್ಲಿ ಬೆರೆತಿರುತ್ತದೆ, ಹರಳು ದೀಪದ ಹೊಳಪಿನಲ್ಲಿ. ಪ್ರತಿ ಚೂರೂ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಕೊನೆಗೆ ಕಿರೀಟವೋ ಪದಕವೋ ಬೀಗದ ಕೈಯೋ ಇಡಿಯಾಗಿ ಎದ್ದು ಬಂದು, ಮುಂದಿನ ಬಾಗಿಲಿಗೆ ಹೊಂದುತ್ತದೆ. ಹುಡುಕುವುದು ಕೂಡಿಸುವುದಾಗುತ್ತದೆ.

ಕೂಡಿಸುವ ಈ ಕೆಲಸದ ಬೆಲೆ ನಮ್ಮ ಕಡೆಯ ಕಥೆಗೂ ಗೊತ್ತು. ಎ.ಕೆ. ರಾಮಾನುಜನ್ ಕನ್ನಡದಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ಒಯ್ದ, ಗಿರೀಶ್ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರ ಮಾಡಿದ, ಹೂಮರವಾಗುವ ಹುಡುಗಿಯ ಕಥೆ ಅದು. ಒಂದು ತಂಬಿಗೆ ನೀರು ಹೊಯ್ದರೆ ಮರ, ಇನ್ನೊಂದು ತಂಬಿಗೆ ಹೊಯ್ದರೆ ಮತ್ತೆ ಹುಡುಗಿ. ನಾದಿನಿ ಮತ್ತು ಅವಳ ಗೆಳತಿಯರು ಕೊಂಬೆ ಮುರಿದು ಹೋದದ್ದರಿಂದ ಅವಳು ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ರಾಮಾನುಜನ್ ಹೇಳುವ ಕಥೆಯಲ್ಲಿ ಗಂಡ ಅವಳನ್ನು ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಎರಡನೆಯ ತಂಬಿಗೆಯ ನೀರು ಹೊಯ್ಯುತ್ತಾನೆ. ಚೂರು ಜೋಡಿಸುವ ದೃಶ್ಯ ಬಂದಾಗಲೆಲ್ಲ ನನಗೆ ಆ ಗಂಡನ ಕೈ ನೆನಪಾಗುತ್ತದೆ.

ಇನ್ನು ಭಾಷೆಯ ಮಾತು. ಪಟ್ಟಿಯಿರುವ ಆಟಗಳಲ್ಲಿ ನಮಗೆ ಇಂಗ್ಲಿಷೇ ಅರ್ಧ ಪಝಲ್. ‘ಬೋ’ ಎಂದರೆ ಬಿಲ್ಲೋ, ರಿಬ್ಬನ್ನಿನ ಗಂಟೋ? ‘ಬ್ಯಾಟ್’ ಎಂದರೆ ದಾಂಡೋ, ಬಾವಲಿಯೋ? ‘ಬೆಲ್ಲೋಸ್’ ಎಂಬುದನ್ನು ಅರ್ಧ ಗಂಟೆ ಹುಡುಕಿ, ಸೋತು ಹಿಂಟ್ ಒತ್ತಿದರೆ, ಎದುರಿಗೇ ಇದ್ದದ್ದು ನಮ್ಮೂರ ಕಮ್ಮಾರಸಾಲೆಯ ತಿದಿ! ವಸ್ತು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಕನ್ನಡದಲ್ಲಿ ಇಂಥ ಆಟ ಮಾಡಿದರೆ ತಮಾಷೆಗೇನೂ ಕೊರತೆಯಿಲ್ಲ. ಪಟ್ಟಿಯಲ್ಲಿ ‘ಕದಿರು’ ಎಂದಿದ್ದರೆ ರಾಟೆಯ ಕಡ್ಡಿ ಒತ್ತಬೇಕೋ, ಕಿಟಕಿಯಿಂದ ಬೀಳುವ ಬಿಸಿಲುಕೋಲು ಒತ್ತಬೇಕೋ? ‘ಅರಸು’ ಎಂದರೆ ಸಿಂಹಾಸನದ ಮೇಲೆ ಕೂತವನೂ ಹೌದು, ‘ಹುಡುಕು’ ಎಂಬ ಅಪ್ಪಣೆಯೂ ಹೌದು. ಆಟದ ಇಡೀ ತಿರುಳು ಒಂದೇ ಪದದಲ್ಲಿ ಕೂತಿದೆ.

ಈಗ ನನ್ನ ತಕರಾರು. ಕರಾಳ ಕಥೆ ಎಂದು ಹೆಸರಿಟ್ಟವರಲ್ಲಿ ಬಹುಪಾಲು ಮಂದಿ ಕರಾಳ ಎಂದರೆ ನೇರಳೆ ಮಂಜು, ಕಾಗೆ, ಮಿಂಚು ಎಂದುಕೊಂಡಿದ್ದಾರೆ. ಮೂಲ ಕಥೆಗಳ ಕತ್ತಲೆ ಬಣ್ಣದ್ದಲ್ಲ. ಗ್ರಿಮ್ ಸಹೋದರರ ಸಂಗ್ರಹದ 1812ರ ಮೊದಲ ಆವೃತ್ತಿಯಲ್ಲಿ ಸ್ನೋವೈಟಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿ ಮಾಡಿದರು. ಕಪ್ಪೆ ರಾಜಕುಮಾರ ಗ್ರಿಮ್ ಕಥೆಯಲ್ಲಿ ಮುತ್ತಿನಿಂದ ಮನುಷ್ಯನಾಗುವುದಿಲ್ಲ. ರಾಜಕುಮಾರಿ ಅಸಹ್ಯದಿಂದ ಅವನನ್ನು ಗೋಡೆಗೆ ಅಪ್ಪಳಿಸಿದಾಗ ಆಗುತ್ತಾನೆ. ಬೇಳೆ ಆರಿಸಿಕೊಟ್ಟ ಸಿಂಡ್ರೆಲಾಳನ್ನು ಮಲತಾಯಿ ಔತಣಕ್ಕೆ ಕಳಿಸಲೇ ಇಲ್ಲ. ಕಡೆಗೆ ಅಕ್ಕಂದಿರ ಕಣ್ಣು ಕುಕ್ಕಿದ್ದೂ ಪಾರಿವಾಳಗಳೇ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಗ್ರಿಮ್ ಸಹೋದರರದೇ ಕಥೆ ‘ಏಳು ಕಾಗೆಗಳು’. ಕಾಗೆಗಳಾದ ಅಣ್ಣಂದಿರನ್ನು ಅರಸಿ ಹೊರಟ ಪುಟ್ಟ ತಂಗಿಗೆ ಬೆಳ್ಳಿಚುಕ್ಕಿ ಒಂದು ಕೋಳಿಮೂಳೆ ಕೊಡುತ್ತದೆ. ಗಾಜಿನ ಬೆಟ್ಟದ ಬಾಗಿಲಿಗೆ ಅದೇ ಬೀಗದ ಕೈ. ಬಾಗಿಲ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿದಂತೆ ಮೂಳೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರೆ ಅದು ಇಲ್ಲ, ದಾರಿಯಲ್ಲಿ ಕಳೆದುಹೋಗಿದೆ. ಹುಡುಗಿ ಚೂರಿ ತೆಗೆದು ತನ್ನ ಕಿರುಬೆರಳು ಕತ್ತರಿಸಿ, ಅದನ್ನೇ ಬೀಗಕ್ಕೆ ಹಾಕಿ ತೆರೆಯುತ್ತಾಳೆ.

ನಮ್ಮ ಆಟಗಳ ಜೋಳಿಗೆಗೆ ತೂತೇ ಇಲ್ಲ. ಹಾಕಿದ್ದು ಬೀಳುವುದಿಲ್ಲ, ಸೋತರೆ ಹಿಂಟ್ ಇದೆ, ಬೇಸರವಾದರೆ ‘ಸ್ಕಿಪ್’ ಇದೆ. ಕಥೆಯ ಹುಡುಕಾಟವನ್ನು ಇಟ್ಟುಕೊಂಡು ಅದರ ಬೆಲೆಯನ್ನು ಕೈಬಿಟ್ಟಿದ್ದಾರೆ. ಹಾಗೆಂದು ಬೆರಳು ಕತ್ತರಿಸುವ ಗುಂಡಿ ಇಡಿ ಎನ್ನುತ್ತಿಲ್ಲ. ಯಾರೋ ಏನೋ ತೆತ್ತಿದ್ದಾರೆ ಎಂಬುದು ಕಥೆಯಲ್ಲಾದರೂ ತಟ್ಟಬೇಕು. ‘ಡಾರ್ಕ್ ಪ್ಯಾರಬಲ್ಸ್’ ಸರಣಿಯ ಎರಡನೆಯ ಆಟ ‘ದಿ ಎಕ್ಸೈಲ್ಡ್ ಪ್ರಿನ್ಸ್’ ನನಗೆ ಮೆಚ್ಚುಗೆಯಾಗುವುದು ಈ ಕಾರಣಕ್ಕೆ. ಅದರ ಕಪ್ಪೆ ರಾಜಕುಮಾರ ಜೇಮ್ಸ್ ಶಾಪದಿಂದ ಸಾವನ್ನೇ ಕಳೆದುಕೊಂಡವನು. ಒಬ್ಬಳಾದ ಮೇಲೆ ಒಬ್ಬಳನ್ನು ಮದುವೆಯಾಗಿ, ಒಬ್ಬೊಬ್ಬಳನ್ನೂ ಕಳೆದುಕೊಂಡವನು. ‘ಸುಖವಾಗಿದ್ದರು’ ಎಂದು ಬೇರೆ ಬೇರೆ ಕಥೆಗಳು ಮುಗಿದ ಜಾಗದಿಂದ ಅವನ ದುಃಖ ಮೊದಲಾಗುತ್ತದೆ. ಮೂರನೆಯದಾದ ‘ರೈಸ್ ಆಫ್ ದಿ ಸ್ನೋ ಕ್ವೀನ್’ನಲ್ಲಿ ಹಿಮರಾಣಿಯೇ ಹಿಂದಿನ ಸ್ನೋವೈಟ್, ಈ ಜೇಮ್ಸನ ಹಳೆಯ ಹೆಂಡತಿ. ಅಲ್ಲಿ ಚೂರುಚೂರಾಗಿ ಜೋಡಿಸಿಕೊಳ್ಳುವುದು ಕಥೆಗಳನ್ನೇ.

ಹೊಸಬರಿಗೆ ಎರಡು ಮಾತು. ಸರಣಿಯ ಈ ಮೊದಲ ಮೂರು ಆಟಗಳನ್ನು ಇದೇ ಅನುಕ್ರಮದಲ್ಲಿ ಆಡಿ. ಸುಲಭ ಹಂತ ಆರಿಸಿದರೆ ದೃಶ್ಯದಲ್ಲಿ ಮಾಡಬೇಕಾದದ್ದೆಲ್ಲ ಮಿಣುಕಿ ತೋರಿಸಿಬಿಡುತ್ತದೆ. ಮಿಣುಕು ಕಡಿಮೆಯಿರುವ ಹಂತ ತೆಗೆದುಕೊಳ್ಳಿ. ಕಂಡಕಂಡಲ್ಲಿ ಒತ್ತಬೇಡಿ. ಅಮ್ಮ ಮೊರದಲ್ಲಿ ಮಾಡುವಂತೆ ಒಂದು ಅಂಚಿನಿಂದ ಶುರುಮಾಡಿ ಸಾಲುಸಾಲಾಗಿ ಕಣ್ಣಾಡಿಸಿ. ಬಣ್ಣ ನೋಡಬೇಡಿ, ಅಂಚು ನೋಡಿ. ಬಣ್ಣ ಬೆರೆಸಿ ಮೋಸ ಮಾಡುವುದು ಸುಲಭ, ಅಂಚು ಅಷ್ಟಾಗಿ ಸುಳ್ಳು ಹೇಳುವುದಿಲ್ಲ.

ಆ ರಾತ್ರಿ ಕಂಬದ ಬುಡದ ಹನ್ನೊಂದನೆಯ ಚೂರನ್ನು ಒತ್ತಿದೆ. ಬೀಗದ ಕೈ ಇಡಿಯಾಯಿತು, ಬಾಗಿಲು ಕಿರುಗುಟ್ಟಿ ತೆರೆಯಿತು. ಕೀಬೋರ್ಡಿನ ಮೇಲಿದ್ದ ಬೆರಳು ಎಣಿಸಿಕೊಂಡೆ. ಹತ್ತೂ ಇದ್ದವು.