ಸುಂಕದವನ ಮುಂದೆ ಗಾರೆಯವನು

ಅಬಲೂರಿನಿಂದ ಹಿರೇಕೆರೂರಿಗೆ ಬಸ್ಸು, ಮುಂದೆ ಬೆಂಗಳೂರಿಗೆ ರಾತ್ರಿ ಬಸ್ಸು, ಆಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣ. ಸೌದಿಗೆ ದುಡಿಯಲು ಹೋಗುವ ಗಾರೆಯವನ ದಾರಿಯೂ ಇದೇ, ಹಜ್‌ಗೆ ಹೊರಟ ಮುದುಕರ ದಾರಿಯೂ ಇದೇ. ಹೆದ್ದಾರಿಯ ಟೋಲು ಬಸ್ ಟಿಕೆಟ್ಟಿನಲ್ಲಿ ಸೇರಿರುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಇನ್ನೊಂದು ಸುಂಕ ಅಡಗಿರುತ್ತದೆ. ಅದರ ಹೆಸರು ಬಳಕೆದಾರರ ಅಭಿವೃದ್ಧಿ ಶುಲ್ಕ.

2008ರ ಮೇ ತಿಂಗಳಲ್ಲಿ ಈ ನಿಲ್ದಾಣ ತೆರೆದಾಗ ವಿದೇಶಕ್ಕೆ ಹೊರಡುವವರ ಮೇಲೆ ತಲೆಗೆ 1070 ರೂಪಾಯಿ ಹೇರಲಾಯಿತು. ದೇಶದೊಳಗೆ ಹಾರುವವರಿಗೆ 2009ರ ಜನವರಿಯಿಂದ 260. ದರಗಳು ಆಮೇಲೆ ಬದಲಾಗಿವೆ. ವಿದೇಶಕ್ಕೆ ಹೋಗುವವನು ಹೆಚ್ಚು ತೆರಬೇಕೆಂಬ ಲೆಕ್ಕ ಮಾತ್ರ ಉಳಿದಿದೆ.

ವಿಮಾನ ಹತ್ತುವವನೇ ನಿಲ್ದಾಣದ ಖರ್ಚು ಹೊರಲಿ ಎಂಬ ಮಾತಿಗೆ ನನ್ನ ತಕರಾರಿಲ್ಲ. ಹೊಲದಲ್ಲಿ ಕಳೆ ಕೀಳುವ ಅಬಲೂರಿನ ಹೆಣ್ಣುಮಗಳ ತೆರಿಗೆಯಿಂದ ರನ್‌ವೇ ಕಟ್ಟುವುದಕ್ಕಿಂತ ಅದು ನ್ಯಾಯವೇ. ಆದರೆ ವಿದೇಶಕ್ಕೆ ಹೋಗುವವನೆಲ್ಲ ಶ್ರೀಮಂತ ಎಂದು ಇವರಿಗೆ ಹೇಳಿದವರು ಯಾರು? 2009ರಲ್ಲಿ ಕಂಪನಿ ಖರ್ಚಿನಲ್ಲಿ ದಿಲ್ಲಿಗೆ ಹಾರಿದ ಅಧಿಕಾರಿಗೆ 260, ಸಾಲ ಮಾಡಿ ರಿಯಾದ್‌ಗೆ ಹೊರಟವನಿಗೆ ಅದರ ನಾಲ್ಕು ಪಟ್ಟು! ಹಾಜಿಗಳಿಗಂತೂ ಹಜ್ ಸಮಿತಿಯ ಲೆಕ್ಕದ ಪಟ್ಟಿಯಲ್ಲೇ ವಿಮಾನ ನಿಲ್ದಾಣದ ಶುಲ್ಕವೂ ಸೇರಿ ಬರುತ್ತದೆ. ವಿನಾಯಿತಿಗಳಿಲ್ಲವೆಂದಲ್ಲ. ಎರಡು ವರ್ಷದೊಳಗಿನ ಕೂಸಿಗೆ ಇದೆ, ವಿಮಾನದ ಸಿಬ್ಬಂದಿಗೆ ಇದೆ, ರಾಜತಾಂತ್ರಿಕ ಪಾಸ್‌ಪೋರ್ಟ್ ಇದ್ದವರಿಗೂ ಇದೆ. ಕೂಲಿಗೆ ಹೋಗುವವನಿಗೆ ಇಲ್ಲ.

ಇದರ ದಾಯಾದಿಯಂತಿದ್ದ ದಿಲ್ಲಿ, ಮುಂಬಯಿಗಳ ಅಭಿವೃದ್ಧಿ ಶುಲ್ಕದ ಬಗ್ಗೆ 2011ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಅದು ಸೇವೆಯ ಬೆಲೆಯಲ್ಲ, ಸೆಸ್ಸಿನಂಥದು, ದರ ನಿಗದಿ ಪ್ರಾಧಿಕಾರವನ್ನು ಕೇಳದೆ ವಸೂಲಿ ಮಾಡುವಂತಿಲ್ಲ. ತೆರಿಗೆಯಂಥದ್ದೇ ಆದರೆ ಕೊಡುವವನ ತಾಕತ್ತನ್ನು ನೋಡಬೇಡವೇ? ಫ್ರಾನ್ಸ್ 2006ರಲ್ಲಿ ವಿಮಾನದ ಟಿಕೆಟ್ಟಿಗೆ ಸುಂಕ ಹಾಕಿದಾಗ ಯುರೋಪಿನಾಚೆಗೆ ಹೋಗುವ ಸಾಮಾನ್ಯ ಸೀಟಿಗೆ 4 ಯೂರೋ, ದುಬಾರಿ ಸೀಟಿಗೆ 40 ಯೂರೋ ಎಂದು ಕಟ್ಟಿತು. ಪ್ರಯಾಣಿಕನ ಆದಾಯ ಕೇಳುವ ಗೊಡವೆಯೇ ಇಲ್ಲ, ಕೂತ ಸೀಟೇ ಹೇಳುತ್ತದೆ.

ಸುಂಕದವನ ಮುಂದೆ ಸುಖದುಃಖ ತೋಡಿಕೊಂಡು ಪ್ರಯೋಜನವಿಲ್ಲ ಎನ್ನುತ್ತಾರೆ. ಆದರೆ ಈ ಸುಂಕ ಕಟ್ಟುವವರು ಪ್ರತಿ ಸಲ ದರ ನಿಗದಿಗೆ ಮೊದಲು ಕರಡು ಹೊರಡಿಸಿ ಲಿಖಿತ ಅಭಿಪ್ರಾಯ ಕೇಳುತ್ತಾರೆ. ವಿಮಾನ ಕಂಪನಿಗಳು ತಮ್ಮ ಲೆಕ್ಕ ಹಿಡಿದು ಅಲ್ಲಿಗೆ ಹೋಗುತ್ತವೆ. ಹಜ್ ಸಮಿತಿಯೂ ಕೊಲ್ಲಿಯ ಕನ್ನಡ ಸಂಘಗಳೂ ಒಂದು ಕಾಗದ ಬರೆಯಲಿ. ಶುಲ್ಕ ಸೀಟಿನ ಮೇಲೆ ಬೀಳಲಿ, ತಲೆಯ ಮೇಲಲ್ಲ ಎಂದು.