ಎರಡು ಉರುಳೆಗಳ ಪಿಸ್ತೂಲು

ಚೆಕೊಸ್ಲೊವಾಕಿಯಾದ ಸೈನ್ಯಕ್ಕಾಗಿ 1952ರಲ್ಲಿ ಬಂದ ಸಿಝಡ್ 52 ಪಿಸ್ತೂಲು ಚೆಲುವಿನದಲ್ಲ, ಹಿಡಿಯೂ ಅಂಗೈಗೆ ಸುಲಭಕ್ಕೆ ಒಗ್ಗದು. ಆದರೂ ಅಮೆರಿಕದ ಸಂಗ್ರಾಹಕರಿಗೆ ಇದರ ಮೇಲೊಂದು ಮೋಹ. ಕಾರಣ, ಅದು ನುಂಗುವ 7.62×25 ಟೊಕರೇವ್ ತೋಟಾ. ಸೀಸೆಯಂತೆ ಕುತ್ತಿಗೆ ಕಿರಿದಾದ ಈ ತೋಟಾದ ಗುಂಡು ತೂಗುವುದು ಸುಮಾರು ಐದೂವರೆ ಗ್ರಾಂ. ವೇಗ ಮಾತ್ರ ಸೆಕೆಂಡಿಗೆ 400 ಮೀಟರ್ ದಾಟುತ್ತದೆ. ನಳಿಕೆಯ ಬಾಯಲ್ಲಿ ಬೆಂಕಿಯ ಚೆಂಡು, ಕಿವಿ ಸೀಳುವ ಸದ್ದು. ಸದ್ದಿಗೆ ತಕ್ಕ ಒದೆತವೇನೂ ಇಲ್ಲ, ಅದು ಬೇರೆ ಮಾತು!

ನನ್ನ ಮೆಚ್ಚುಗೆ ಒಳಗಿನ ಕೆಲಸಕ್ಕೆ. ನಳಿಕೆ ಮತ್ತು ಸ್ಲೈಡನ್ನು ಎರಡು ಪುಟ್ಟ ಉಕ್ಕಿನ ಉರುಳೆಗಳು ಬಿಗಿಹಿಡಿದು, ಗುಂಡು ಹೊರಟ ಮೇಲೆ ಒಳಸರಿದು ಬಿಟ್ಟುಕೊಡುತ್ತವೆ. ಪಿಸ್ತೂಲುಗಳಲ್ಲಿ ಇದು ಅಪರೂಪ. ಮ್ಯಾಗಜಿನ್‌ನಲ್ಲಿ ಎಂಟೇ ತೋಟಾ.

ಕೊಳ್ಳುವವರು ಗಮನಿಸಿ: ಮೂಲ ಫೈರಿಂಗ್ ಪಿನ್ ಪೆಡಸು, ತೋಟಾ ಇಲ್ಲದೆ ಕುದುರೆ ಎಳೆಯಬೇಡಿ. ಹಳೆಯ ಸೈನಿಕ ತೋಟಾ ಹಾರಿಸಿದ್ದರೆ ಅಂದೇ ನಳಿಕೆಯನ್ನು ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿಡಿ.