ಅನ್‌ಲಿಮಿಟೆಡ್ ಅನ್ನೋ ಒಂದೂವರೆ ಜಿಬಿ

ಸಂಜೆ ಏಳೂವರೆ. ಜಯನಗರ ಫೋರ್ತ್ ಬ್ಲಾಕ್ ಹತ್ತಿರ ಆಟೋ ಇಳಿದು, ಬಾಡಿಗೆ ಕೊಡೋಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ಸ್ಕ್ರೀನ್ ಮೇಲೆ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಆ್ಯಪ್ ಮುಚ್ಚಿ ತೆಗೆದೆ, ಮತ್ತೆ ಅದೇ ಚಕ್ರ. ಸಿಗ್ನಲ್ ನೋಡಿದರೆ ನಾಲ್ಕೂ ಕಡ್ಡಿ ನೆಟ್ಟಗೆ ನಿಂತಿವೆ. ಆಮೇಲೆ ಕಣ್ಣಿಗೆ ಬಿತ್ತು, ನಾಲ್ಕು ಗಂಟೆಗೇ ಬಂದು ಕೂತಿದ್ದ ಮೆಸೇಜು. ಇವತ್ತಿನ ಹೈಸ್ಪೀಡ್ ಡೇಟಾ ಮುಗಿದಿದೆ, ಇನ್ನು 64 ಕೆಬಿಪಿಎಸ್ ವೇಗದಲ್ಲಿ ಅನ್‌ಲಿಮಿಟೆಡ್ ಆಗಿ ಬಳಸಬಹುದು ಅಂತ. ಮಧ್ಯಾಹ್ನ ಆಫೀಸ್ ವೈಫೈ ಕೈಕೊಟ್ಟಾಗ ಹಾಟ್‌ಸ್ಪಾಟ್ ಹಾಕ್ಕೊಂಡು ಎರಡು ಮೀಟಿಂಗ್ ಮುಗಿಸಿದ್ದೆ. ಅಲ್ಲೇ ಹೋಗಿತ್ತು ಅಷ್ಟೂ.

ಪರ್ಸಿನಲ್ಲಿ ಕ್ಯಾಶ್ ಇಲ್ಲ. ನನ್ನ ಪೇಚಾಟ ನೋಡಿ ಡ್ರೈವರೇ ಕೇಳಿದರು. "ಡೇಟಾ ಖಾಲಿನಾ ಮೇಡಂ? ನಂದು ಹಾಟ್‌ಸ್ಪಾಟ್ ಹಾಕ್ತೀನಿ, ತಗೊಳ್ಳಿ." ಅವರ ಡೇಟಾದಲ್ಲೇ ಅವರ ಬಾಡಿಗೆ ಕೊಟ್ಟೆ. ಥ್ಯಾಂಕ್ಸ್ ಅಂದಿದ್ದಕ್ಕೆ, "ನಾನು ಎರಡು ಸಿಮ್ ಇಟ್ಕೊಂಡಿದೀನಿ ಮೇಡಂ, ಒಂದು ಮುಗಿದ್ರೆ ಇನ್ನೊಂದು. ಆ್ಯಪ್ ನಿಂತ್ರೆ ನಮ್ಮ ಬಾಡಿಗೇನೇ ನಿಂತಂಗೆ" ಅಂದರು. ಹೊರಡೋ ಮುಂಚೆ ಇನ್ನೊಂದು ಮಾತು ಸೇರಿಸಿದರು. 2020ರಲ್ಲಿ ಇಬ್ಬರು ಮಕ್ಕಳ ಆನ್‌ಲೈನ್ ಕ್ಲಾಸಿಗೆ ಮನೇಲಿ ಇದ್ದಿದ್ದು ಒಂದೇ ಫೋನು, ದಿನಕ್ಕೆ ಒಂದೂವರೆ ಜಿಬಿ. ದೊಡ್ಡವಳ ಕ್ಲಾಸ್ ಮುಗಿಯೋ ಹೊತ್ತಿಗೆ ಚಿಕ್ಕವನಿಗೆ ಏನೂ ಉಳೀತಿರಲಿಲ್ಲವಂತೆ. "ಅವನು ಖುಷಿಯಾಗೇ ಇದ್ದ ಬಿಡಿ" ಅಂತ ನಕ್ಕು ಹೋದರು.

ಆವತ್ತು ರಾತ್ರಿ ಕೂತು ಈ 64 ಕೆಬಿಪಿಎಸ್ ಅನ್ನೋದನ್ನ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. ಸೆಕೆಂಡಿಗೆ 64 ಕಿಲೋಬಿಟ್ ಅಂದರೆ 8 ಕಿಲೋಬೈಟ್. ಮೂರು ಎಂಬಿಯ ಒಂದು ಫೋಟೋ ಇಳಿಯೋಕೆ ಆರು ನಿಮಿಷಕ್ಕಿಂತ ಜಾಸ್ತಿ. ಆಯ್ತು, ತಾಳ್ಮೆ ಇದೆ ಅಂದ್ಕೊಳ್ಳಿ. ಒಂದು ಸೆಕೆಂಡೂ ಬಿಡದೆ ಇಪ್ಪತ್ನಾಲ್ಕು ಗಂಟೆ ಡೌನ್‌ಲೋಡ್ ಮಾಡಿದರೆ ಸಿಗೋದು ಸುಮಾರು 690 ಎಂಬಿ. ಅಂದರೆ ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಇರೋನು ತಿಪ್ಪರಲಾಗ ಹಾಕಿದರೂ ಆ ದಿನ 2.2 ಜಿಬಿ ದಾಟೋಕೆ ಸಾಧ್ಯವೇ ಇಲ್ಲ. ಇದು ಅನ್‌ಲಿಮಿಟೆಡ್ಡಿನ ಲಿಮಿಟ್ಟು. ಮೂರನೇ ಕ್ಲಾಸಿನ ಗುಣಾಕಾರ ಬಂದರೆ ಸಾಕು, ಸಿಕ್ಕಿಬೀಳುತ್ತೆ.

1990ರ ದಶಕದ ಕೊನೆಯಲ್ಲಿ ಕೀಂಯ್ ಅಂತ ಕಿರುಚಿಕೊಂಡು ಕನೆಕ್ಟ್ ಆಗ್ತಿದ್ದ ಡಯಲ್‌ಅಪ್ ಮೋಡೆಮ್‌ನ ವೇಗ 56 ಕೆಬಿಪಿಎಸ್. ನಾವು ಅಲ್ಲಿಂದ ಎಂಟು ಹೆಜ್ಜೆ ಮುಂದೆ ಬಂದಿದ್ದೀವಿ. ಆದರೆ ಆಗಿನ ವೆಬ್ ಪೇಜು ಆ ವೇಗಕ್ಕೆ ತಕ್ಕ ಹಾಗಿತ್ತು. ಈಗ ದುಡ್ಡು ಕಳಿಸೋ ಆ್ಯಪ್ ತೆರೆದರೂ ಮೊದಲು ಸಾಲದ ಜಾಹೀರಾತು, ಸ್ಕ್ರ್ಯಾಚ್ ಕಾರ್ಡು, ಚಿನ್ನದ ಆಫರ್ರು ಎಲ್ಲ ಲೋಡ್ ಆಗಬೇಕು. ದೂರಸಂಪರ್ಕ ಇಲಾಖೆ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳೋಕೆ ಕನಿಷ್ಠ 2 ಎಂಬಿಪಿಎಸ್ ಬೇಕು ಅಂತ ವ್ಯಾಖ್ಯೆ ಬದಲಾಯಿಸಿತು. ಅದರ ಪ್ರಕಾರ ನಮಗೆ ಸಿಗೋ 'ಅನ್‌ಲಿಮಿಟೆಡ್' ಬ್ರಾಡ್‌ಬ್ಯಾಂಡಿನ ಮೂವತ್ತೊಂದನೇ ಒಂದು ಭಾಗದಷ್ಟೂ ಇಲ್ಲ. ಮನೆಗೆ ತಂತಿಯಲ್ಲಿ ಬರೋ ಬ್ರಾಡ್‌ಬ್ಯಾಂಡಿಗೆ ಲಿಮಿಟ್ ಮುಗಿದ ಮೇಲೂ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು ಅಂತ ಟ್ರಾಯ್ 2016ರಲ್ಲೇ ಹೇಳಿತ್ತು. ಮೊಬೈಲಿಗೆ ಆ ಮರ್ಯಾದೆ ಸಿಗಲಿಲ್ಲ.

ನಮ್ಮ ಊಟದ ಹೋಟೆಲುಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಬೋರ್ಡಿನ ಮೇಲೆ 'ಫುಲ್ ಮೀಲ್ಸ್' ಅಂತಿದ್ದರೆ ಕೆಳಗೇ ಬರೆದಿರುತ್ತೆ: ಪೂರಿ ಎರಡು, ಸ್ವೀಟ್ ಒಂದು, ಅನ್ನ ಸಾರು ಎಷ್ಟು ಬೇಕಾದರೂ. ಹೇಳಿದಂಗೆ ಬಕೆಟ್ ಹಿಡ್ಕೊಂಡು ಬಡಿಸೋನು ಬಂದೇ ಬರ್ತಾನೆ. ಎರಡನೇ ಸಲ ಅನ್ನ ಕೇಳಿದ್ದಕ್ಕೆ ಒಂದೊಂದೇ ಅಗುಳು ಹಾಕಿ, 'ತಿನ್ನಿ ಸಾರ್, ಅನ್‌ಲಿಮಿಟೆಡ್' ಅಂದರೆ ಆ ಹೋಟೆಲು ಮಾರನೇ ದಿನ ಬಾಗಿಲು ತೆಗೆಯುತ್ತಾ?

ಡೇಟಾಗೆ ಮಿತಿಯೇ ಇರಬಾರದು ಅಂತ ನಾನು ಹೇಳ್ತಿಲ್ಲ. ಮಿತಿಯ ಪರವಾಗಿ ಒಳ್ಳೇ ವಾದ ಇದೆ. ಒಂದು ಟವರಿನ ಸಾಮರ್ಥ್ಯ ಅನ್ನೋದು ಆ ಹೊತ್ತಿಗೆ ಅದರಡಿ ಇರೋರೆಲ್ಲ ಹಂಚಿಕೊಳ್ಳೋ ವಸ್ತು. ನಾಲ್ಕು ಜನ ಬಾಯಿಗೆ ಪೈಪ್ ಇಟ್ಟುಕೊಂಡ ಹಾಗೆ ಎಳೆದರೆ ಉಳಿದವರಿಗೆ ಬರೋದು ಗಾಳಿ. ಆದರೆ ನಮ್ಮ ದಿನದ ಕೋಟಾ ಈ ಸಮಸ್ಯೆಯನ್ನ ಬಗೆಹರಿಸುತ್ತಾ? ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಐಪಿಎಲ್ ಮ್ಯಾಚ್ ದಿನ ಕೂತಿದ್ದವರಿಗೆ ಗೊತ್ತು, ಎರಡು ಜಿಬಿ ಹಾಗೇ ಉಳಿದಿರುತ್ತೆ, ಒಂದು ಸ್ಟೇಟಸ್ ಹೋಗಲ್ಲ. ಯಾಕಂದರೆ ದಟ್ಟಣೆ ಆಗೋದು ಆ ಜಾಗದಲ್ಲಿ, ಆ ಗಂಟೆಯಲ್ಲಿ. ಬೆಳಗಿನ ಜಾವ ಮೂರಕ್ಕೆ ಟವರೆಲ್ಲ ಖಾಲಿ ಹೊಡೀತಿರುತ್ತೆ, ಆಗ ನಾನೊಬ್ಬಳು ನಾಲ್ಕು ಜಿಬಿ ಇಳಿಸಿಕೊಂಡರೆ ಯಾರ ಗಂಟೂ ಹೋಗಲ್ಲ. ಕಂಪನಿಗಳಿಗೂ ಇದು ಗೊತ್ತಿಲ್ಲದ್ದೇನಲ್ಲ. ವೊಡಾಫೋನ್ ಐಡಿಯಾದವರು ಕೆಲವು ಪ್ಯಾಕುಗಳಲ್ಲಿ ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಕೋಟಾ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದು, ವಾರದಲ್ಲಿ ಉಳಿದ ಡೇಟಾವನ್ನ ಶನಿವಾರ ಭಾನುವಾರಕ್ಕೆ ಕೊಟ್ಟಿದ್ದು ಅದಕ್ಕೇ. ಹಾಗಾಗಿ ಉಳಿದದ್ದನ್ನ ಮುಂದಕ್ಕೆ ಒಯ್ಯೋದು ತಾಂತ್ರಿಕವಾಗಿ ಆಗಲ್ಲ ಅನ್ನೋ ಮಾತು ನಿಲ್ಲಲ್ಲ.

ಮತ್ತೆ ದಿನದ ಕೋಟಾ ಯಾಕೆ ಬಂತು? 2010ರ ಸುಮಾರಿಗೆ ಫೋನಲ್ಲಿ ನೆಟ್ ಹಾಕಿದವರಿಗೆ 10 ಕೆಬಿಗೆ 10 ಪೈಸೆ ಅನ್ನೋ ದರ ನೆನಪಿರಬಹುದು. ಪ್ಯಾಕ್ ಹಾಕಿಸದೆ ಒಂದು ಜಿಬಿ ಬಳಸಿದ್ದರೆ ಹತ್ತು ಸಾವಿರ ರೂಪಾಯಿ ಮೇಲೆ ಬಿಲ್! ಪ್ಯಾಕ್ ಹಾಕಿಸಿದರೂ 3ಜಿಯ ಒಂದು ಜಿಬಿಗೆ 250 ರೂಪಾಯಿ ಹತ್ತಿರ ಆಗ್ತಿತ್ತು, ಅದನ್ನ ಇಪ್ಪತ್ತೆಂಟು ದಿನ ಬೆಣ್ಣೆ ಥರ ಸವರಿಕೊಂಡು ಬಳಸ್ತಿದ್ವಿ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯಿತು. ಮೊದಲು ಪುಕ್ಕಟೆ, ದಿನಕ್ಕೆ 4 ಜಿಬಿ. ಹೊಸ ವರ್ಷಕ್ಕೆ ಅದು ದಿನಕ್ಕೆ 1 ಜಿಬಿ ಆಯಿತು. ಮಾರ್ಚ್ ಮುಗಿದ ಮೇಲೆ ದುಡ್ಡು ಕಟ್ಟೋಕೆ ಶುರು ಮಾಡಿದೆವು, ಆದರೆ ಅಷ್ಟರಲ್ಲಿ ತಿಂಗಳ ಲೆಕ್ಕ ಹೋಗಿ ದಿನದ ಲೆಕ್ಕ ನಮ್ಮ ತಲೆಯಲ್ಲಿ ಕೂತಾಗಿತ್ತು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು.

ತಿಂಗಳ ಕೋಟಾ ಇದ್ದಾಗ ಇವತ್ತು ಬೇಡ, ನಾಳೆ ನೋಡೋಣ ಅಂತ ಕೈ ಹಿಡಿಯುತ್ತಿದ್ದೆವು. ದಿನದ ಕೋಟಾದಲ್ಲಿ ಉಳಿಸಿ ಏನು ಪ್ರಯೋಜನ? ರಾತ್ರಿ ಹನ್ನೆರಡಕ್ಕೆ ಸೊನ್ನೆ. ಹನ್ನೊಂದೂವರೆಗೆ 600 ಎಂಬಿ ಉಳಿದಿದೆ ಅಂತ, ವೇಸ್ಟ್ ಆಗುತ್ತಲ್ಲ ಅಂತ, ಬೇಡದ ರೀಲ್ಸ್ ನೋಡಿದ್ದೀನಿ ನಾನು. ನಾಚಿಕೆ ಬಿಟ್ಟು ಹೇಳ್ತಿದ್ದೀನಿ, ನೀವೂ ನೋಡಿರ್ತೀರ. ಬೆಂಗಳೂರಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬಂದರೂ ಸಂಪಿನಲ್ಲಿ ಉಳಿದಿದ್ದು ನಮ್ಮದು. ಡೇಟಾಗೆ ಸಂಪ್ ಇಲ್ಲ.

ನಮ್ಮ ಟೀಮಿನಲ್ಲಿ ಇದನ್ನ ಎತ್ತಿದರೆ ಒಬ್ಬರಾದರೂ ಹೇಳ್ತಾರೆ, ಜಗತ್ತಿನಲ್ಲೇ ಚೀಪ್ ಡೇಟಾ ನಮ್ಮದು, ಅದಕ್ಕೂ ಗೊಣಗ್ತೀಯಲ್ಲ ಅಂತ. ಸರಿ, ಅದನ್ನೂ ನೋಡೇಬಿಡೋಣ. 2024ರ ಜುಲೈನಲ್ಲಿ ಕಂಪನಿಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ದರ ಏರಿಸಿದವು. ಜಿಯೋದ 28 ದಿನದ, ದಿನಕ್ಕೆ ಒಂದೂವರೆ ಜಿಬಿಯ ಪ್ಲಾನು 239 ಇದ್ದದ್ದು 299 ಆಯಿತು. 42 ಜಿಬಿಗೆ 299 ಅಂದರೆ ಜಿಬಿಗೆ ಏಳು ರೂಪಾಯಿ ಚಿಲ್ಲರೆ. ಚೀಪೇ, ಒಪ್ಪಿದೆ. ಆದರೆ ಆ ಏಳು ರೂಪಾಯಿ ದರ ಸಿಗೋದು ದಿನಾ ಸರಿಯಾಗಿ ಒಂದೂವರೆ ಜಿಬಿ ಕುಡಿದು ಮುಗಿಸೋನಿಗೆ ಮಾತ್ರ. ಅಂಥ ಮನುಷ್ಯ ಎಲ್ಲಿದ್ದಾನೆ?

ಅರಸೀಕೆರೆಯಲ್ಲಿರೋ ನಮ್ಮಮ್ಮನಿಗೂ ಇಷ್ಟೇ ದುಡ್ಡಿನ ಪ್ಲಾನು. ಕಳೆದ ಸಲ ಹೋದಾಗ ಅವರ ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿದೆ. ಇಪ್ಪತ್ತೆಂಟು ದಿನದಲ್ಲಿ ಬಳಸಿದ್ದು 5.6 ಜಿಬಿ. ಬೆಳಿಗ್ಗೆ ಸುಪ್ರಭಾತ, ಮಧ್ಯಾಹ್ನ ಒಂದು ಅಡುಗೆ ವಿಡಿಯೋ, ಸಂಜೆ ನನ್ನ ಜೊತೆ ವಿಡಿಯೋ ಕಾಲ್. ಅವರಿಗೆ ಒಂದು ಜಿಬಿ ಬಿದ್ದಿದ್ದು 53 ರೂಪಾಯಿಗೆ. ಇನ್ನು ನನ್ನಂಥವಳು, ಆವತ್ತು ಆಟೋದಲ್ಲಿ ಸಿಕ್ಕಿಹಾಕಿಕೊಂಡಂಗೆ, ಕೋಟಾ ದಾಟಿ ಬೂಸ್ಟರ್ ಹಾಕಿಸಿದರೆ ಒಂದು ಜಿಬಿಗೆ ಇಪ್ಪತ್ತು ರೂಪಾಯಿ ಆಸುಪಾಸು. ಕಮ್ಮಿ ಬಳಸಿದರೂ ದಂಡ, ಜಾಸ್ತಿ ಬಳಸಿದರೂ ದಂಡ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ. ಈ 28 ದಿನದ ತಿಂಗಳು ಯಾವ ಪಂಚಾಂಗದ್ದೋ! 30 ದಿನದ ಒಂದು ಪ್ಲಾನಾದರೂ ಇಡಲೇಬೇಕು ಅಂತ 2022ರಲ್ಲಿ ಟ್ರಾಯ್ ಆದೇಶ ಮಾಡಬೇಕಾಯಿತು ಅನ್ನೋದೇ ಒಂದು ಜೋಕು.

ಡೇಟಾ ಬೇಡವೇ ಬೇಡ, ಕೀಪ್ಯಾಡ್ ಫೋನಿಗೆ ಮಾತು ಸಾಕು ಅನ್ನೋರ ಕಥೆ ಇನ್ನೂ ಕೆಟ್ಟದಿತ್ತು. ನಮ್ಮ ದೊಡ್ಡಮ್ಮ ವರ್ಷಗಟ್ಟಲೆ, ಮುಟ್ಟದ ಡೇಟಾಗೆ ದುಡ್ಡು ಕಟ್ಟಿದ್ದಾರೆ. ಕಾಲ್ ಮತ್ತು ಎಸ್‌ಎಂಎಸ್‌ಗೆ ಬೇರೆ ಪ್ಯಾಕ್ ಕೊಡಿ ಅಂತ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ತಂದ ಮೇಲೆ ಜಿಯೋ, ಏರ್‌ಟೆಲ್ ಎರಡೂ ಕೊಟ್ಟವು, 84 ದಿನಕ್ಕೆ 450, 470ರ ಹತ್ತಿರ. ನಿಯಮ ಬಂದ ಕೂಡಲೇ ಒಂದೇ ತಿಂಗಳಲ್ಲಿ ಪ್ಯಾಕ್ ಹುಟ್ಟುತ್ತೆ ಅಂದರೆ ಇಷ್ಟು ವರ್ಷ ಹುಟ್ಟದೆ ಇದ್ದಿದ್ದು ತಂತ್ರಜ್ಞಾನದ ತೊಂದರೆಯಿಂದ ಅಲ್ಲ ಅಂತಾಯಿತು.

ಇದನ್ನ ಓದ್ತಿರೋ ನಮ್ಮಲ್ಲಿ ಬಹಳ ಜನಕ್ಕೆ ಇದು ತಟ್ಟಲ್ಲ. ಮನೇಲಿ ಫೈಬರ್, ಆಫೀಸಲ್ಲಿ ವೈಫೈ, ಕೆಲವರಿಗೆ ಕಂಪನಿಯೇ ಕಟ್ಟೋ ಪೋಸ್ಟ್‌ಪೇಯ್ಡ್ ಬಿಲ್. ಫೈಬರಿನ ಅನ್‌ಲಿಮಿಟೆಡ್ಡಿಗೂ ಮಿತಿ ಇದೆ ಸ್ವಾಮಿ, ತಿಂಗಳಿಗೆ ಸಾಮಾನ್ಯವಾಗಿ 3.3 ಟಿಬಿ. ಅದನ್ನ ಮುಟ್ಟಿದವರನ್ನ ನಾನಂತೂ ನೋಡಿಲ್ಲ, ಹಾಗಾಗಿ ಆ ಸುಳ್ಳು ಯಾರಿಗೂ ಚುಚ್ಚಲ್ಲ. ಈಗ ನಿಜವಾಗಿ ಲೆಕ್ಕವಿಲ್ಲದ ಡೇಟಾ ಬೇಕಾದರೆ 5ಜಿ ಇದೆ. ಆದರೆ ಅದಕ್ಕೆ 5ಜಿ ಫೋನ್ ಬೇಕು, ಏರಿಯಾದಲ್ಲಿ 5ಜಿ ಸಿಗಬೇಕು, 2024ರ ದರ ಏರಿಕೆಯ ಜೊತೆಗೇ ಜಿಯೋ ಹಾಕಿದ ಷರತ್ತಿನ ಹಾಗೆ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲಾನೇ ಹಾಕಿಸಿರಬೇಕು. ಎಲ್ಲ ಇದ್ದವರಿಗೆ ಅನ್‌ಲಿಮಿಟೆಡ್, ಒಂದೂ ಇಲ್ಲದವರಿಗೆ 64 ಕೆಬಿಪಿಎಸ್. ನಮ್ಮ ಆಟೋ ಡ್ರೈವರಿಗೆ ಬೇಕಾಗಿರೋದು ಸಿನಿಮಾ ನೋಡೋ ವೇಗ ಅಲ್ಲ. ಮ್ಯಾಪ್ ಸರಿಯಬೇಕು, ದುಡ್ಡು ಬಂತಾ ಇಲ್ವಾ ಗೊತ್ತಾಗಬೇಕು. ಕೋಟಾ ಮುಗಿದ ಮೇಲೂ 512 ಕೆಬಿಪಿಎಸ್ ಉಳಿಸಿದರೆ ಅವರ ಎರಡನೇ ಸಿಮ್ ಬೇಕಾಗಲ್ಲ. ಬಹುಶಃ ಅದು ಬೇಕಾಗಬೇಕು ಅನ್ನೋದೇ ಇರಾದೆಯೇನೋ.

ಜಿಬಿಗೆ ಇಷ್ಟು ಅಂತ ರೇಟ್ ಹಾಕಿ, ತೂಕ ಮಾಡಿ ಮಾರಿದರೆ ನನ್ನದೇನೂ ತಕರಾರಿಲ್ಲ. ಅಕ್ಕಿ ಕೊಂಡಂಗೆ ಕೊಳ್ತೀವಿ. ಡಬ್ಬಿಯಲ್ಲಿ ಉಳಿದರೆ ಮುಂದಿನ ತಿಂಗಳಿಗಾಗುತ್ತೆ.

ಕಳೆದ ಭಾನುವಾರ ಅಮ್ಮನ ರೀಚಾರ್ಜ್ ಮುಗಿದಿತ್ತು. ತಿಂಗಳಿಗೆ ಆರು ಜಿಬಿ, ಜೊತೆಗೆ ಕಾಲ್ ಇರೋ ಪ್ಲಾನು ಸಿಗುತ್ತಾ ಅಂತ ಆ್ಯಪ್‌ನಲ್ಲಿ ಹುಡುಕಿದೆ. ಮೇಲೆಲ್ಲ ದಿನಕ್ಕೆ ಎರಡು ಜಿಬಿ, ಮೂರು ಜಿಬಿ, ಓಟಿಟಿ ಫ್ರೀ. ಕೆಳಗಿಳಿದು ಇಳಿದು ಕೊನೆಗೆ ಸಿಕ್ಕಿದ್ದರಲ್ಲಿ ಇಡೀ ಇಪ್ಪತ್ತೆಂಟು ದಿನಕ್ಕೆ ಎರಡೇ ಜಿಬಿ. ಎರಡಕ್ಕೂ ನಲವತ್ತೆರಡಕ್ಕೂ ಮಧ್ಯೆ ಅಮ್ಮನಿಗಾಗುವಂಥದ್ದು ಏನೂ ಇಲ್ಲ. ಹಳೇದನ್ನೇ ಹಾಕಿಸಿ ಫೋನ್ ಮಾಡಿ ಹೇಳಿದೆ, "ಅಮ್ಮ, ನೀನು ಮೂವತ್ತಾರು ಜಿಬಿ ಸುಮ್ನೆ ಬಿಡ್ತಿದೀಯ, ಗೊತ್ತಾ?"

"ಅಷ್ಟೊಂದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ ಸಾಯಂಕಾಲದೊತ್ತಿಗೇ ಖಾಲಿಯಾಗುತ್ತೆ ಅಂತಿದ್ಯಲ್ಲೇ, ನಂದು ಉಳಿದಿದ್ದನ್ನ ನಿಂಗೆ ಕಳಿಸೋಕೆ ಬರಲ್ವಾ?"

"ಇಲ್ಲಮ್ಮ, ಹಾಗೆಲ್ಲ ಬರಲ್ಲ."

"ಮತ್ತೆ ದುಡ್ಡು ನಾವು ಕೊಟ್ಟಿದ್ದಲ್ವೇನೇ?" ಅಂದರು. ಒಲೆ ಮೇಲೆ ಹಾಲಿಟ್ಟಿದ್ದೀನಿ, ಉಕ್ಕುತ್ತೆ ಅಂತ ಫೋನಿಟ್ಟರು.